ಬಾಪುಸಾಹೇಬರ ಸ್ಟೀಮ್ ಅಡುಗೆಮನೆ

ಐನಾಪುರದ ಬಾಪುಸಾಹೇಬ ಮಗದುಮ್ಮರು ದುಡಿಮೆಯ ವಯಸ್ಸನ್ನೆಲ್ಲ ಕೃಷ್ಣೆಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಕಳೆದವರು. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಅವರಿಗೆ ನೆಂಟರ ಮದುವೆಯೂ ಇಲ್ಲ, ಊರ ಹಬ್ಬವೂ ಇಲ್ಲ. ನೀರು ಸರಿಯಾದ ಮಟ್ಟಕ್ಕಿದೆಯೇ, ಒತ್ತಡ ತೋರಿಸುವ ಮುಳ್ಳು ಎಲ್ಲಿ ನಿಂತಿದೆ, ಬೆಂಕಿಯ ಬಣ್ಣ ಹೇಗಿದೆ, ಇಷ್ಟೇ ಅವರ ಲೋಕ. 2005ರಲ್ಲಿ ನಿವೃತ್ತರಾಗಿ ಮನೆಗೆ ಬಂದರು. ಬಂದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಓಣಿಯವರ ನಳ, ಸ್ಟೋವು, ಸೈಕಲ್ ಪಂಪು ರಿಪೇರಿ ಮಾಡುತ್ತ ಕುಳಿತರು. ಹೆಂಡತಿ ಕಮಲಾಬಾಯಿಗೆ ಇದು ಚೂರೂ ಸೇರುತ್ತಿರಲಿಲ್ಲ. ಪಡಸಾಲೆಯ ತುಂಬ ಬೇರೆಯವರ ಮನೆಯ ಜಿಡ್ಡು.

ಮರು ವರ್ಷ ಚಳಿಗಾಲದಲ್ಲಿ ಅವರ ಭಾವಕಿಯವರ, ಅಂದರೆ ದಾಯಾದಿಗಳ ಮನೆಯ, ಒಂದು ಮದುವೆ, ಬಸದಿಯ ಪಕ್ಕದ ಮಂಗಲ ಕಾರ್ಯಾಲಯದಲ್ಲಿ. ಸಾಂಗ್ಲಿ ಕಡೆಯ ಗಂಡಿನವರು ಬಂದು ಇಳಿಯುವಷ್ಟರಲ್ಲೇ ಹೊತ್ತು ವಾಲಿತ್ತು. ಅಡುಗೆಮನೆಯಲ್ಲಿ ಇನ್ನೊಂದು ತಾಪತ್ರಯ. ಅಕಾಲದ ಮಳೆಗೆ ಕಟ್ಟಿಗೆ ನೆನೆದು, ಒಲೆ ಉರಿಯುವುದಕ್ಕಿಂತ ಹೊಗೆಯಾಡಿದ್ದೇ ಹೆಚ್ಚು. ಮೊದಲ ಪಂಕ್ತಿ ಎದ್ದಿತು, ಎರಡನೆಯದು ಎದ್ದಿತು. ಕೊನೆಯ ಪಂಕ್ತಿಗೆ ಎಲೆ ಹಾಕಿ, ಉಪ್ಪು ಬಡಿಸಿ, ಅನ್ನಕ್ಕಾಗಿ ಕಾಯುತ್ತ ಕೂತಿದ್ದಾಗಲೇ ಸೂರ್ಯ ಮುಳುಗಿಬಿಟ್ಟ. ಆ ಕಡೆಯ ಜೈನ ಮನೆಗಳಲ್ಲಿ ಹಿರಿಯರು ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ; ಕೆಲವರು ನೀರೂ ಕುಡಿಯುವುದಿಲ್ಲ. ಹಿರಿಯರೆಲ್ಲ ಎಲೆಗೆ ಕೈ ಮುಗಿದು ಎದ್ದರು. ಹೆಣ್ಣಿನ ಕಡೆಯವರಿಗೆ ಬೈಗುಳಕ್ಕಿಂತ ಆ ಉಣ್ಣದ ಎಲೆಗಳೇ ಹೆಚ್ಚು ಚುಚ್ಚಿದವು.

ಎದ್ದವರಲ್ಲಿ ಕಮಲಾಬಾಯಿಯೂ ಇದ್ದರು. ಮನೆಗೆ ಬರುವ ದಾರಿಯಲ್ಲಿ ಬಾಪುಸಾಹೇಬರು ಕೇಳಿದರು:

"ಹೊಟ್ಟಿ ಹಸದೈತೇನ?"

"ನಂದೇನ ಬಿಡ್ರಿ, ಮುಂಜಾನೆ ಉಣ್ತೀನಿ. ಹುಡುಗಿ ಅವ್ವನ ಮಾರಿ ನೋಡಿದ್ರ್ಯಾ? ಮಗಳನ್ನ ಕಳಸೂ ಅಳು ಬ್ಯಾರೆ, ಇದು ಬ್ಯಾರೆ." ನಾಲ್ಕು ಹೆಜ್ಜೆ ನಡೆದು ಕಮಲಾಬಾಯಿ ಮತ್ತೆ ಅಂದರು, "ಇಷ್ಟ ವರ್ಷ ಇಡೀ ಕಾರ್ಖಾನಿಗೆ ಸ್ಟೀಮ್ ಕೊಟ್ಟೀರಿ. ನಮ್ಮ ಕಾರ್ಯಾಲಯದಾಗ ನಾಕ ಹಂಡೆ ಅನ್ನಾ ಕುದಸಾಕ ನಿಮ್ಮ ಕೈಲೆ ಆಗೂದಿಲ್ಲೇನ?"

ಬಾಪುಸಾಹೇಬರು ನಕ್ಕರು. ಆದರೆ ಆ ಮಾತು ಅವರನ್ನು ಬಿಡಲಿಲ್ಲ.

ಸ್ಟೀಮಿನಿಂದ ಅಡುಗೆ ಮಾಡುವ ವಿಚಾರ ಅವರ ತಲೆಯಲ್ಲಿದೆಯೆಂಬ ಸುದ್ದಿ, ಕಾರ್ಯಾಲಯ ನಡೆಸುವ ಬಸದಿಯ ಕಮಿಟಿಗೆ ಮುಟ್ಟಿದ ಕೂಡಲೇ ಅಧ್ಯಕ್ಷರು ಹುರುಪಿನಿಂದ ಎದ್ದರು. "ನಾಳೆನ ಸಾಂಗ್ಲಿಗೆ ಹೋಗಿ ಒಂದು ಬಾಯ್ಲರ್ ತರೂಣ್ರಿ ಮಗದುಮ್ಮ ಅವರ. ಚಿಮಣಿ ಹೆಂಗಿರಬೇಕಂದ್ರ ಅಥಣಿ ರೋಡಿಗೆ ನಿಂತರ ಕಾಣಬೇಕು."

"ಬಾಯ್ಲರ್ ಆಮ್ಯಾಲ. ಮೊದಲ ಏನ ಬೇಕಾಗೈತಿ ಅನ್ನೂದು ತಿಳಕೋಬೇಕು," ಎಂದರು ಬಾಪುಸಾಹೇಬರು.

"ಅದರಾಗ ತಿಳಕೊಳ್ಳೂದೇನೈತ್ರಿ? ಅನ್ನ ಲಗೂನ ಆಗಬೇಕು, ಅಷ್ಟ."

ಬಾಪುಸಾಹೇಬರು ಒಪ್ಪಲಿಲ್ಲ. ಹಿಂದೆ ಕಾರ್ಖಾನೆಯನ್ನು ದೊಡ್ಡದು ಮಾಡುವಾಗ ಪುಣೆಯಿಂದ ಬಂದ ಪ್ರಾಜೆಕ್ಟ್ ಎಂಜಿನಿಯರರ ಕೈಕೆಳಗೆ ಅವರು ಕೆಲಸ ಮಾಡಿದ್ದರು. ಆ ಮನುಷ್ಯ ತಿಂಗಳುಗಟ್ಟಲೆ ಒಂದು ಮೊಳೆಯನ್ನೂ ಹೊಡೆಸದೆ, ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನವರೆಗೆ ಎಲ್ಲರನ್ನೂ ಕೇಳುತ್ತ ತಿರುಗಿದ್ದರು. ಏನು ಬೇಕೆಂಬುದು ಗಟ್ಟಿಯಾದ ಮೇಲೆ ನಕಾಶೆ, ನಕಾಶೆ ಗಟ್ಟಿಯಾದ ಮೇಲೆ ಕಬ್ಬಿಣ. ಅವಸರ ಮಾಡಿದವರಿಗೆಲ್ಲ ನಗುತ್ತಲೇ ಇದನ್ನು ಹೇಳುತ್ತಿದ್ದರು. ಆ ಬಾಯ್ಲರ್ ಹಚ್ಚಿದ ದಿನ ಎಲ್ಲಿಯೂ ಒಂದು ಪೈಪು ಕತ್ತರಿಸಿ ಮತ್ತೆ ಜೋಡಿಸುವ ಪ್ರಸಂಗ ಬರಲಿಲ್ಲ. ಬಾಪುಸಾಹೇಬರಿಗೆ ಅವರ ಮೇಲೆ ಇಂದಿಗೂ ಗುರುವಿನ ಭಕ್ತಿ.

ಹಾಗಾಗಿ ಆ ವರ್ಷದ ಲಗ್ನಸರಾಯಿ, ಅಂದರೆ ಮದುವೆಗಳ ಹಂಗಾಮು, ಮುಗಿಯುವವರೆಗೂ ಬಾಪುಸಾಹೇಬರು ಕರೆದ ಮದುವೆಗೂ ಹೋದರು, ಕರೆಯದ ಮದುವೆಗೂ ಹೋದರು. ಹೋದಲ್ಲೆಲ್ಲ ಮಂಟಪದ ಕಡೆ ತಿರುಗಿಯೂ ನೋಡದೆ ಅಡುಗೆಮನೆಯ ಮೂಲೆಯಲ್ಲಿ ಒಂದು ಡಬ್ಬಿ ಬೋರಲು ಹಾಕಿ ಕೂಡುವರು. ಮದುವೆ ಅಡುಗೆಯ ಆಚಾರಿ ಪಾರಿಸ ಮೊದಮೊದಲು ಸಿಡುಕಿದ. ತನ್ನ ಮೇಲೆ ಕಣ್ಣಿಡಲು ಕಮಿಟಿಯವರು ಕಳಿಸಿದ್ದಾರೆಂದು ಅವನ ಗುಮಾನಿ. ಒಂದು ದಿನ ಬಾಪುಸಾಹೇಬರು ಅವನ ಜೊತೆ ನಿಂತು ಹುಗ್ಗಿ ತಿರುವತೊಡಗಿದ ಮೇಲೆ ಮಾತು ಸಡಿಲಾಯಿತು.

"ಕಾಕಾ, ಅನ್ನ ಬೇಯೂದು ತಡಾ ಆಗೂದಲ್ರಿ. ತಡಾ ಆಗೂದು ನೀರು," ಎಂದ ಪಾರಿಸ.

ಅದು ನಿಜವಾಗಿತ್ತು. ಕಣ್ಣಿಗೆ ಕಾಣದ ಜೀವವೂ ಸಾಯಬಾರದೆಂದು ಜೈನರ ಅಡುಗೆಯ ನೀರನ್ನು ಬಟ್ಟೆಯಲ್ಲಿ ಗಾಳಿಸಬೇಕು. ಗಾಳಿಸಿದ ನೀರನ್ನು ಬಹಳ ಹೊತ್ತು ಇಡುವಂತಿಲ್ಲ. ಸ್ವಲ್ಪ ಹೊತ್ತಾದರೆ ಮತ್ತೆ ಗಾಳಿಸಬೇಕು. ಹೆಂಗಸರು ಕೊಡಕ್ಕೆ ಕೊಡ ಹಿಡಿದು ನಿಂತಿರುತ್ತಿದ್ದರು, ಹಂಡೆ ಬಾಯಿ ತೆರೆದು ಕಾಯುತ್ತಿತ್ತು. ಕಟ್ಟಿಗೆಯದು ಇನ್ನೊಂದು ಕೆಲಸ. ಹುಳುಹುಪ್ಪಡಿ ಬೆಂಕಿಗೆ ಬೀಳಬಾರದೆಂದು ಒಂದೊಂದು ತುಂಡನ್ನೂ ಝಾಡಿಸಿ ನೋಡಿಯೇ ಒಲೆಗೆ ಹಾಕಬೇಕು. ಇನ್ನು ಪಾತ್ರೆ ತೊಳೆಯುವ ಮಂಗಲಳ ದೂರೇ ಬೇರೆ. ಹೊಗೆಗೆ ಕಣ್ಣು ಉರಿದು ಅವಳು ದಿನಕ್ಕೆ ಹತ್ತು ಸಲ ಹೊರಗೆ ಓಡುತ್ತಿದ್ದಳು.

ಎಲ್ಲ ಕೇಳಿ, ನೋಡಿ, ಬಾಪುಸಾಹೇಬರು ಕಮಿಟಿಯ ಮುಂದೆ ಒಂದೇ ಮಾತು ಇಟ್ಟರು: "ಕಡೇ ಪಂಕ್ತಿ ಹೊತ್ತು ಮುಳುಗೂ ಮೊದಲ ಕೈ ತೊಳೀಬೇಕು. ನಾವು ಮಾಡೂದೆಲ್ಲಾ ಇದರ ಸಲುವಾಗಿ. ಇದಕ್ಕ ಉಪಯೋಗ ಆಗಲಾರದ್ದು ಏನೂ ಬ್ಯಾಡ."

"ಚಿಮಣಿ?" ಎಂದರು ಅಧ್ಯಕ್ಷರು.

"ಚಿಮಣಿ ಎತ್ತರ ಆದ್ರ ಹೊತ್ತು ತಡಾ ಮುಳಗತೈತೇನ್ರಿ?"

ಅಧ್ಯಕ್ಷರೂ ನಕ್ಕರು. ಚಿಮಣಿ ಅಲ್ಲಿಗೆ ಬಿಟ್ಟುಹೋಯಿತು.

ಮಳೆಗಾಲದಲ್ಲಿ ಮದುವೆ ಇರುವುದಿಲ್ಲ. ಖಾಲಿ ಬಿದ್ದ ಕಾರ್ಯಾಲಯದ ಹಾಲಿನಲ್ಲಿ ಬಾಪುಸಾಹೇಬರು ಹೊಸ ಅಡುಗೆಮನೆಯನ್ನು ಅದರ ನಿಜವಾದ ಅಳತೆಯಲ್ಲೇ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದರು. ಇಲ್ಲಿ ಬಾಯ್ಲರ್, ಇಲ್ಲಿ ನೀರಿನ ಟಾಕಿ, ಇವು ಅನ್ನದ ಹಂಡೆ, ಇದು ಸಾರಿನದು, ಇದು ಬಾಗಿಲು. ಆಮೇಲೆ ಪಾರಿಸನನ್ನೂ ಮಂಗಲಳನ್ನೂ ಕರೆದು, "ಈಗ ಮದುವಿ ಅಡಗಿ ಮಾಡ್ರಿ ನೋಡೂಣು," ಎಂದರು.

ಪಾರಿಸ ಖಾಲಿ ಪಾತ್ರೆ ಹೊತ್ತುಕೊಂಡು ಗೆರೆಗಳ ನಡುವೆ ಓಡಾಡಿದ. ಮಂಗಲ ಇಲ್ಲದ ಅನ್ನವನ್ನು ಇಲ್ಲದ ಹಂಡೆಯಿಂದ ಬುಟ್ಟಿಗೆ ಸುರಿದಳು. ಇಬ್ಬರೂ ಬಾಗಿಲ ಗೆರೆಯಲ್ಲಿ ಎದುರುಬದುರಾಗಿ ಸಿಕ್ಕಿಕೊಂಡರು, ಬಾಗಿಲು ಅಗಲವಾಯಿತು. ಹಂಡೆ ಓರೆಮಾಡುವ ಹಿಡಿಕೆ ಎಷ್ಟು ಎತ್ತರಕ್ಕಿರುತ್ತದೆಂದು ಗೋಡೆಯ ಮೇಲೆ ತೋರಿಸಿದಾಗ ಮಂಗಲ ತುದಿಗಾಲಲ್ಲಿ ನಿಂತರೂ ಕೈ ಮುಟ್ಟಲಿಲ್ಲ.

"ಕಾಕಾ, ಇದು ನಿಮ್ಮ ಅಳತಿಗೆ ಮಾಡೀರಿ, ನನ್ನ ಅಳತಿಗಲ್ಲ."

"ಹೌದಲ್ಲವಾ," ಎಂದು ಬಾಪುಸಾಹೇಬರು ಗೆರೆ ಅಳಿಸಿ ಕೆಳಗೆ ಎಳೆದರು.

ಆ ಹೊತ್ತಿಗೆ ಬಾಗಿಲಿಗೆ ಬಂದ ಅಧ್ಯಕ್ಷರು ಇದನ್ನೆಲ್ಲ ಕಂಡು ಬೆರಗಾದರು. ಸಂಜೆಯ ಹೊತ್ತಿಗೆ ಊರ ತುಂಬ ಮಾತು: ಮಗದುಮ್ಮರು ಈ ವಯಸ್ಸಿನಲ್ಲಿ ಕಾರ್ಯಾಲಯದೊಳಗೆ ಕುಂಟಾಬಿಲ್ಲೆ ಆಡಾಕತ್ತಾರ! ಕಮಲಾಬಾಯಿ ಬಂದು ನೋಡಿದರು. ಗೆರೆಗಳ ಸುತ್ತ ಒಂದು ಸಲ ನಡೆದು, ನೀರಿನ ಟಾಕಿ ಬರೆದಲ್ಲಿ ನಿಂತರು. "ಗಾಳಿಸಿದ ನೀರನ್ನ ಇಲ್ಲೇ ಒಮ್ಮೆ ಸ್ಟೀಮಿನಾಗ ಕುದಿಸಿಬಿಟ್ರ? ಕುದಿಸಿದ ನೀರು ಸಂಜಿತನಾ ನಡೀತೈತಲ್ರಿ." ಬಾಪುಸಾಹೇಬರು ಹೆಂಡತಿಯ ಮುಖ ನೋಡಿದರು. ತಿಂಗಳುಗಟ್ಟಲೆ ಅಡುಗೆಮನೆಗಳಲ್ಲಿ ಕೂತವರಿಗೆ ಅದು ಹೊಳೆದಿರಲಿಲ್ಲ. ಅವತ್ತೇ ಟಾಕಿಯ ಗೆರೆ ದೊಡ್ಡದಾಯಿತು.

ಬಾಯ್ಲರನ್ನು ತಾವೇ ಮಾಡಬಲ್ಲೆ ಎಂಬ ಜಂಬ ಬಾಪುಸಾಹೇಬರಿಗೆ ಇರಲಿಲ್ಲ. ಬೆಂಕಿ ಮತ್ತು ಒತ್ತಡದ ಮಾಲನ್ನು ಅದನ್ನೇ ಕಸುಬು ಮಾಡಿಕೊಂಡವರಿಂದಲೇ ತರಬೇಕೆಂದು, ಸಾಂಗ್ಲಿಯ ಒಬ್ಬ ತಯಾರಕರಿಂದ ಗ್ಯಾಸಿನಲ್ಲಿ ಉರಿಯುವ ಚಿಕ್ಕ ಬಾಯ್ಲರ್ ತರಿಸಿದರು. ಪೈಪು, ಹಂಡೆ, ಟಾಕಿಯ ಕೆಲಸ ಚಿಕ್ಕೋಡಿಯ ವೆಲ್ಡಿಂಗ್ ಅಂಗಡಿಯ ಮಲಕಾರಿಗೆ. ಮಲಕಾರಿ ಕೈಗೆಲಸದಲ್ಲಿ ಚೊಕ್ಕ, ತಾಳ್ಮೆಯಲ್ಲಿ ಕಡಿಮೆ. ಒಂದೊಂದು ಪೈಪಿನಲ್ಲೂ ನೀರು ತುಂಬಿ, ಒತ್ತಡ ಕೊಟ್ಟು, ಸೋರುವುದಿಲ್ಲವೆಂದು ನೋಡಿದ ಮೇಲೆಯೇ ಅದನ್ನು ಟೆಂಪೋಗೆ ಹಾಕಬೇಕೆಂದು ಬಾಪುಸಾಹೇಬರು ಹಟ ಹಿಡಿದಾಗ ಅವನು ವೆಲ್ಡಿಂಗ್ ಮಾಡುವಾಗ ಮುಖಕ್ಕೆ ಹಿಡಿಯುವ ಗಾಜಿನ ಕವಚವನ್ನು ಕೆಳಗೆ ಕುಕ್ಕಿದ.

"ನಂದು ಜೋಡಣಿ ಸೋರತೈತಿ ಅಂತೀರೇನ್ರಿ?"

"ಸೋರೂದಿಲ್ಲಂತ ನನಗ ಖಾತ್ರಿ ಐತಿ. ಪೈಪಿಗೂ ಖಾತ್ರಿ ಆಗಲಿ."

ಒಂದು ಪೈಪು ಸೋರಿತು. ಮಲಕಾರಿ ಅದನ್ನು ಮತ್ತೆ ವೆಲ್ಡ್ ಮಾಡಿ, ಇಬ್ಬರಿಗೂ ಚಹಾ ತರಿಸಿದ. ಅಂದಿನಿಂದ ಅವನು ಯಾವ ಗಿರಾಕಿಯ ಟಾಕಿಯನ್ನೂ ನೀರು ತುಂಬಿ ನೋಡದೆ ಕಳಿಸಿಲ್ಲವೆಂದು ಚಿಕ್ಕೋಡಿಯಲ್ಲಿ ಹೇಳುತ್ತಾರೆ.

ಬಿಡಿಬಿಡಿಯಾಗಿ ಎಲ್ಲವೂ ಸರಿಯಿತ್ತು. ಎಲ್ಲ ಕೂಡಿಸಿ ಮೊದಲ ಸಲ ಹಚ್ಚಿದ ದಿನ ಮಾತ್ರ ಅನ್ನ ಅಂಬಲಿಯಾಯಿತು. ಒಲೆಯ ಲೆಕ್ಕದಲ್ಲಿ ಪಾರಿಸ ನೀರು ಹಾಕಿದ್ದ. ಸ್ಟೀಮು ಹಂಡೆಯೊಳಗೆ ತಣಿದು ತನ್ನ ನೀರನ್ನೂ ಸೇರಿಸಿತ್ತು. ಬಾಯ್ಲರಿಗೆ ಹತ್ತಿರದ ಹಂಡೆಗಳೇ ಸ್ಟೀಮನ್ನೆಲ್ಲ ಎಳೆದುಕೊಂಡು, ದೂರದ ಸಾರಿನ ಹಂಡೆಯಲ್ಲಿ ಬೇಳೆ ಬೆಚ್ಚಗೆ ಕೂತಿತ್ತು, ಅಷ್ಟೇ. ಪಾರಿಸ ತಲೆಯ ಮೇಲೆ ಕೈ ಹೊತ್ತ. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿದರು.

ಬಾಪುಸಾಹೇಬರು ಮಾತ್ರ ಹಸನ್ಮುಖಿಯಾಗಿ ಒಂದು ಬಟ್ಟಲಿಗೆ ಆ ಅಂಬಲಿ ಹಾಕಿಸಿಕೊಂಡು, ಮಜ್ಜಿಗೆ ಸುರಿದು ಕುಡಿದರು. "ಇವತ್ತ ಕೆಟ್ಟಿದ್ದು ಚೊಲೋ ಆತು. ಇದನ್ನ ನೋಡಾಕ ಅಂತನ ಇವತ್ತ ಹಚ್ಚಿದ್ದು." ಉಳಿದದ್ದು ಓಣಿಯ ಎಮ್ಮೆಗಳಿಗೆ ಹೋಯಿತು. ಮುಂದಿನ ವಾರಗಳಲ್ಲಿ ಪೈಪಿಗೆ ಇಳಿಜಾರು ಬಂತು, ತಣಿದ ನೀರು ಹೊರಗೆ ಹೋಗಲು ಒಂದು ದಾರಿ ಬಂತು, ಪ್ರತಿ ಹಂಡೆಗೂ ಬೇರೆ ಬೇರೆ ವಾಲ್ವ್ ಬಂತು. ಪಾರಿಸ ನೀರಿನ ಹೊಸ ಅಳತೆ ಕಲಿತ.

ಮದುವೆಗೆ ಮೊದಲು ತುಂಬು ಪಂಕ್ತಿಯ ಪರೀಕ್ಷೆಯೊಂದು ಆಗಬೇಕಿತ್ತು. ಊರ ಹೊರಗೆ ಕಬ್ಬು ಕಡಿಯಲು ಮಹಾರಾಷ್ಟ್ರದಿಂದ ಬಂದವರ ಟೋಳಿಗಳು ಗುಡಿಸಲು ಹಾಕಿಕೊಂಡಿದ್ದವು. 2008ರ ಜನವರಿಯಲ್ಲಿ ಕಾರ್ಖಾನೆ ಸ್ವಚ್ಛತೆಗೆಂದು ಒಂದು ದಿನ ನಿಂತಾಗ ಬಾಪುಸಾಹೇಬರು ಅವರನ್ನೆಲ್ಲ ಊಟಕ್ಕೆ ಕರೆದರು. ಅವರು ಎತ್ತಿನ ಗಾಡಿಗಳಲ್ಲಿ ಮಕ್ಕಳು ಮರಿ ಸಮೇತ ಬಂದರು. ದಿನವಿಡೀ ಕಬ್ಬು ಕಡಿಯುವವರ ಹಸಿವೆಂದರೆ ಮದುವೆಗೆ ಬರುವ ನೆಂಟರ ಹಸಿವಲ್ಲ. ಸ್ಟೀಮ್ ಸೋಲಲಿಲ್ಲ, ಅಕ್ಕಿಯೇ ತೀರಿತು. ಪಾರಿಸ ಓಡಿಹೋಗಿ ಇನ್ನೊಂದು ಚೀಲ ತಂದ. ಅದೂ ಬೆಂದು ಎಲೆಗೆ ಬಂದಾಗ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಟೋಳಿಯ ಮುದುಕಿಯೊಬ್ಬಳು ಹೋಗುವಾಗ ಮಂಗಲಳಿಗೆ, "ಪೋರೀ, ಪರತ ಕಧೀ?" ಎಂದು ಮರಾಠಿಯಲ್ಲಿ ಕೇಳಿದಳು. ಮತ್ತೆ ಯಾವಾಗ ಎಂದು!

ಮೊದಲ ಮದುವೆ ಮರು ತಿಂಗಳು. ಬಾಪುಸಾಹೇಬರು ಬೆಳಗಿನಿಂದ ಬಾಯ್ಲರ್ ಬಿಟ್ಟು ಕದಲಲಿಲ್ಲ. ಎಲ್ಲವನ್ನೂ ಯೋಚಿಸಿದ್ದರು, ಒಂದನ್ನು ಬಿಟ್ಟು. ಒತ್ತಡ ಹೆಚ್ಚಾದರೆ ತಾನಾಗಿ ತೆರೆದು ಸ್ಟೀಮ್ ಬಿಡುವ ಸೇಫ್ಟಿ ವಾಲ್ವ್ ಒಂದಿತ್ತು. ಹೊರಗೆ ಮಂಗಲಾಷ್ಟಕ ನಡೆದಿದೆ. ಕೊನೆಯ ಪದ್ಯ ಮುಗಿದ ಮೇಲೆಯೇ ಬ್ಯಾಂಡು, ಹಾರ; ಅದು ಇನ್ನೂ ಮುಗಿದಿಲ್ಲ. ಆ ವಾಲ್ವ್ ಒಮ್ಮೆಲೇ ರೈಲಿನ ಸೀಟಿಯಂತೆ ಸಿಳ್ಳು ಹಾಕಿತು. ಬ್ಯಾಂಡಿನವರು ಅದನ್ನೇ ಸೂಚನೆಯೆಂದು ತಿಳಿದು ಬಾರಿಸಿಯೇ ಬಿಟ್ಟರು. ಬ್ಯಾಂಡ್ ಕೇಳಿ ಜನ ಅಕ್ಷತೆ ಎರಚಿದರು. ಪಂಡಿತರು ಬಾಯಿ ತೆರೆದವರು ತೆರೆದೇ ನಿಂತರು. ವರ ಗಾಬರಿಯಿಂದ ಹಾರ ಹಾಕಿಯೇಬಿಟ್ಟ.

ಬಾಪುಸಾಹೇಬರು ಓಡಿಬಂದು ಕೈ ಮುಗಿದು ನಿಂತರು. ಗಂಡಿನ ಅಜ್ಜನೇ ಮೊದಲು ನಕ್ಕ. "ಪಂಡಿತರ, ಉಳದದ್ದು ಹೇಳಿ ಮುಗಸ್ರಿ. ಮತ್ತೊಮ್ಮೆ ಅಕ್ಕಿ ಹಾಕತೀವಿ. ಎರಡ ಸಲ ಆದ್ರ ಗಂಟು ಇನ್ನೂ ಗಟ್ಟಿ." ಇಡೀ ಮಂಟಪ ನಕ್ಕಿತು. ಆ ಜೋಡಿಯನ್ನು ಊರಲ್ಲಿ ಬಹಳ ದಿನ 'ಸೀಟಿ ಲಗ್ನದವರು' ಎಂದೇ ಕರೆದರು.

ಕೊನೆಯ ಪಂಕ್ತಿಯಲ್ಲಿ ಕಮಲಾಬಾಯಿ ಬೇಕೆಂದೇ ಕೂತಿದ್ದರು. ಬಾಪುಸಾಹೇಬರು ಅಡುಗೆಮನೆಯ ಬಾಗಿಲಲ್ಲಿ ನಿಂತು ಬೇರೆ ಯಾರನ್ನೂ ನೋಡಲಿಲ್ಲ. ಕಮಲಾಬಾಯಿ ಅನ್ನ ಸಾರು ಉಂಡರು, ಹುಗ್ಗಿ ಎರಡನೆಯ ಸಲ ಹಾಕಿಸಿಕೊಂಡರು, ಒಂದಿಷ್ಟೂ ಅವಸರವಿಲ್ಲದೆ ಎದ್ದು ಹೋಗಿ ಕೈ ತೊಳೆದು, ನೀರು ಕುಡಿದರು. ಬಸದಿಯ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಗಂಡನ ಕಡೆ ನೋಡಿ, "ಸಾರಿಗೆ ಉಪ್ಪು ಕಮ್ಮಿ," ಎಂದರು. ಬಾಪುಸಾಹೇಬರಿಗೆ ಅಷ್ಟು ಸಂತೋಷ ನಿವೃತ್ತಿಯ ದಿನ ಹಾರ ಹಾಕಿಸಿಕೊಂಡಾಗಲೂ ಆಗಿರಲಿಲ್ಲ.

ಮರುದಿನವೇ ಆ ವಾಲ್ವಿಗೆ ಪೈಪು ಹಚ್ಚಿ ಮಾಳಿಗೆಯ ಆಚೆಗೆ ಬಾಯಿ ತಿರುಗಿಸಿದರು.

ಮುಂದಿನದು ಕಲಿಸುವ ಕೆಲಸ. ಬಾಯ್ಲರ್ ನೋಡಿಕೊಳ್ಳಲು ಅವರು ಆರಿಸಿದ್ದು ಮಂಗಲಳನ್ನು. ಕಮಿಟಿಯಲ್ಲಿ ಒಬ್ಬಿಬ್ಬರು ಗೊಣಗಿದರು, ಹೆಣ್ಣುಮಗಳು ಹೆದರಿಕೊಂಡರೆ? "ಹೆದರಿಕಿ ಇರಲಿ. ಹೆದರಿಕಿ ಇಲ್ಲದವರನ್ನ ನಾ ಬಾಯ್ಲರ್ ಹಂತೇಕ ಬಿಡೂದಿಲ್ಲ," ಎಂದರು ಅವರು. ಹಚ್ಚುವುದಕ್ಕಿಂತ ಆರಿಸುವುದನ್ನು ಮೊದಲು ಕಲಿಸಿದರು. ಮಾತಾಡುತ್ತ ಕೂತಿದ್ದವರು ತಟ್ಟನೆ, "ಮಂಗಲಾ, ಬೆಂಕಿ!" ಎನ್ನುವರು. ಅವಳು ಕೈಯಲ್ಲಿದ್ದದ್ದು ಬಿಟ್ಟು ಓಡಿ ಗ್ಯಾಸ್ ಬಂದ್ ಮಾಡಬೇಕು. ಒಮ್ಮೆ ಕಮಲಾಬಾಯಿ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗಲೂ ಹೀಗೆ ಕೂಗಿ ಹೆಂಡತಿಯಿಂದ ಬೈಸಿಕೊಂಡರು. ಎರಡು ಹಂಗಾಮು ಕಳೆಯುವಷ್ಟರಲ್ಲಿ ಮಂಗಲ ಬಾಯ್ಲರಿನ ಸದ್ದು ಕೇಳಿಯೇ ಅದರ ಹದ ಹೇಳುವಂತಾದಳು. ಬಾಪುಸಾಹೇಬರು ಮಳೆಗಾಲದಲ್ಲಿ ಮಾತ್ರ ಬಂದು ಎಲ್ಲ ಬಿಚ್ಚಿ, ಒಳಗೆ ಕಟ್ಟಿದ ಉಪ್ಪಿನ ಪದರ ಕೆರೆದು, ಸವೆದದ್ದನ್ನು ಬದಲಿಸಿ ಹೋಗುತ್ತಿದ್ದರು.

ನಡುವೆ ಒಂದು ಸಲ, ಅವರು ಕಮಲಾಬಾಯಿಯೊಂದಿಗೆ ಯಾತ್ರೆಗೆ ಹೋಗಿದ್ದಾಗ, ದೊಡ್ಡ ಮದುವೆಗಳು ಬರುತ್ತಿವೆಯೆಂದು ಕಮಿಟಿಯವರು ಇನ್ನೆರಡು ಹಂಡೆ ಜೋಡಿಸಿಬಿಟ್ಟರು. ಬಾಯ್ಲರಿಗೆ ಅಷ್ಟು ಶಕ್ತಿ ಎಲ್ಲಿ? ಒಂದು ಮದುವೆಯಲ್ಲಿ ಅನ್ನವೆಲ್ಲ ಅರೆಬೆಂದು ನಿಂತಿತು. ಮಂಗಲ ಯಾರನ್ನೂ ಕೇಳದೆ ಹೊಸ ಹಂಡೆಗಳ ವಾಲ್ವ್ ತಿರುವಿ ಬಂದ್ ಮಾಡಿ, ಇದ್ದದ್ದರಲ್ಲೇ ಎರಡು ಸರದಿ ಬೇಯಿಸಿದಳು. ಹೊತ್ತು ಮುಳುಗಲು ಸ್ವಲ್ಪವೇ ಉಳಿದಿತ್ತು, ಆದರೆ ಎಲ್ಲರೂ ಉಂಡರು. ಯಾತ್ರೆಯಿಂದ ಬಂದ ಬಾಪುಸಾಹೇಬರು ಇದನ್ನು ಕೇಳಿ ಅಧ್ಯಕ್ಷರ ಮೇಲೆ ಸಿಟ್ಟಾಗಲಿಲ್ಲ. "ಬೇಕಾದದ್ದು ಹೆಚ್ಚಾಗೈತಿ ಅಂದ್ರ ಮತ್ತ ಮೊದಲಿಂದ ಕೂತು ವಿಚಾರ ಮಾಡೂಣು," ಎಂದರು. ಸಾಂಗ್ಲಿಯವರನ್ನು ಕರೆಸಿ ಇನ್ನೊಂದು ಚಿಕ್ಕ ಬಾಯ್ಲರ್ ಪಕ್ಕದಲ್ಲಿಟ್ಟರು. ಅದನ್ನೂ ಮೊದಲು ಖಾಲಿ ದಿನವೇ ಹಚ್ಚಿ ನೋಡಿದರು.

ವರ್ಷಗಳು ಹೀಗೆಯೇ ಚೆನ್ನಾಗಿ ನಡೆದವು. ಆಮೇಲೆ ಕೇಟರಿಂಗಿನವರು ಬಂದರು. ಹುಡುಗರು ಟೆಂಪೋದಲ್ಲಿ ಅರ್ಧ ಅಡುಗೆ ಮಾಡಿಕೊಂಡೇ ಬರುವರು. ಜೊತೆಗೆ ಅವರದೇ ಒಲೆ, ಅವರದೇ ನೀರು, ಅವರದೇ ಜನ. ಪಂಕ್ತಿ ಹೋಗಿ ತಟ್ಟೆ ಹಿಡಿದು ನಿಲ್ಲುವ ಊಟ ಬಂತು. ಅವರು ಹೊತ್ತಿಗೆ ಸರಿಯಾಗಿ ಊಟ ಮುಗಿಸುತ್ತಿದ್ದರು ಎಂಬುದನ್ನು ಬಾಪುಸಾಹೇಬರೇ ಒಪ್ಪಿಕೊಂಡರು. ಪಾರಿಸ ಕೂಡ ಅಂಥವರಲ್ಲೊಬ್ಬನಾಗಿ ಸ್ವಂತ ಟೆಂಪೋ ಕೊಂಡ. ಮಂಗಲಳಿಗೆ ಶಾಲೆಯ ಬಿಸಿಯೂಟದ ಅಡುಗೆ ಕೆಲಸ ಸಿಕ್ಕಿತು. ಸ್ಟೀಮ್ ಅಡುಗೆಮನೆಗೆ ಬೀಗ ಬಿತ್ತು.

2017ರಲ್ಲಿ ಕಮಿಟಿಯ ಸಭೆಯಲ್ಲಿ ಅದರ ಮಾತು ಬಂದಾಗ, ವಯಸ್ಸಾದ ಅಧ್ಯಕ್ಷರು, "ಇರಲಿ ಬಿಡ್ರಿ, ಊರಿಗೆ ನೆನಪು," ಎಂದರು. ಹೊಸಬರು, "ಗುಜರಿಗೆ ಹಾಕ್ರಿ," ಎಂದರು. ಎಲ್ಲರೂ ಬಾಪುಸಾಹೇಬರ ಕಡೆ ನೋಡಿದರು. ಅವರಿಗೆ ನೋವಾಗಬಹುದೆಂದು ಎಲ್ಲರ ಅಳುಕು.

"ಎರಡೂ ಬ್ಯಾಡ್ರಿ. ಸುಮ್ಮನ ನಿಂತ ಬಾಯ್ಲರ್ ಒಳಗಿಂದೊಳಗ ತುಕ್ಕು ತಿಂತೈತಿ. ಹೊರಗ ನೋಡಿದ್ರ ಚೊಲೋ ಕಾಣತೈತಿ, ಯಾರರೆ ತಿಳೀಲಾರದವರು ಹಚ್ಚಿಬಿಡ್ತಾರ. ಗುಜರಿಗೆ ಹಂಗ ಕೊಟ್ರೂ ಅಲ್ಲಿಂದ ಯಾರರೆ ಒಯ್ದು ಹಚ್ಚತಾರ, ಅದ ಪಂಚಾಯ್ತಿ. ಕಟ್ಟಿದಂಗ ಬಿಚ್ಚೂದೂ ಒಂದು ಕೆಲಸ. ಅದನ್ನ ನಾನ ಮಾಡ್ತೀನಿ."

ಮಲಕಾರಿ ಚಿಕ್ಕೋಡಿಯಿಂದ ಬಂದ; ತಲೆ ನರೆತಿತ್ತು, ಕೈ ಇನ್ನೂ ಚೊಕ್ಕವಾಗಿತ್ತು. ಇಬ್ಬರೂ ಸೇರಿ ಗ್ಯಾಸಿನ ಪೈಪನ್ನು ಮೊದಲು ತೆಗೆದರು, ಆಮೇಲೆ ನೀರು ಇಳಿಸಿದರು, ಆಮೇಲೆ ಒಂದೊಂದೇ ಜೋಡಣೆ. ಬಾಯ್ಲರುಗಳನ್ನು ಸಾಂಗ್ಲಿಯ ತಯಾರಕರು ಹಿಂದಕ್ಕೆ ಒಯ್ದರು. ನೀರಿನ ಟಾಕಿ ಬಸದಿಗೆ ಹೋಯಿತು, ಒಳ್ಳೆಯ ಎರಡು ಹಂಡೆ ಮಂಗಲಳ ಶಾಲೆಗೆ. ಪೈಪುಗಳನ್ನು ಮಲಕಾರಿ ತನ್ನ ಅಂಗಡಿಗೆ ಕೊಂಡೊಯ್ದ. ಮಂಗಲ ಶಾಲೆ ಬಿಟ್ಟ ಮೇಲೆ ಬಂದು, ಖಾಲಿಯಾದ ನೆಲವನ್ನು ನೀರು ಹಾಕಿ ತೊಳೆದಳು.

"ಬ್ಯಾಸರ ಆತೇನ್ರಿ ಕಾಕಾ?" ಎಂದು ಕೇಳಿದಳು.

ಬಾಪುಸಾಹೇಬರು ತಲೆಯಲ್ಲಾಡಿಸಿದರು. "ಇಲ್ಲವಾ. ಯಾರಿಗೂ ಒಂದು ಬೊಬ್ಬಿ ಏಳಲಿಲ್ಲ ಇಷ್ಟ ವರ್ಷ. ಅದಕ್ಕಿಂತ ಹೆಚ್ಚಿಂದು ಏನ ಬೇಕು ನನಗ?"

ಆ ಕೋಣೆಗೆ ಸುಣ್ಣ ಬಳಿದು, ಕಿಟಕಿ ದೊಡ್ಡದು ಮಾಡಿ, ಹೆಣ್ಣುಮಕ್ಕಳ ಹೊಲಿಗೆ ತರಗತಿಗೆ ಕೊಟ್ಟರು. ಅದೇ ಚಳಿಗಾಲದಲ್ಲಿ ನಿಪ್ಪಾಣಿಯಲ್ಲೊಂದು ಮದುವೆಗೆ ಗಂಡ ಹೆಂಡತಿ ಬಸ್ಸು ಹತ್ತಿ ಹೋದರು. ಬಾಪುಸಾಹೇಬರು ಇಸ್ತ್ರಿ ಮಾಡಿದ ಧೋತರ ಉಟ್ಟು, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಹಳೆಯ ಕಾರ್ಖಾನೆಯ ಗೆಳೆಯನೊಬ್ಬನ ಜೊತೆ ಮೊಮ್ಮಕ್ಕಳ ಸುದ್ದಿ ಮಾತಾಡುತ್ತ, ಮದುವೆಯನ್ನು ಶುರುವಿನಿಂದ ಕೊನೆಯವರೆಗೆ ಸಮಾಧಾನವಾಗಿ ನೋಡಿದರು. ಮರಳಿ ಬರುವಾಗ ಕಮಲಾಬಾಯಿ ಕಿಟಕಿಯ ಸೀಟಿನಲ್ಲಿ ನಿದ್ದೆ ಹೋದರು. ಬಾಪುಸಾಹೇಬರು ಶಾಲು ತೆಗೆದು ಅವರಿಗೆ ಹೊದಿಸಿ, ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ, ಹೊತ್ತು ಮುಳುಗಲು ಇನ್ನೂ ವೇಳೆಯಿರುವುದನ್ನು ನೋಡಿ, ಇಳಿದು ಒಂದು ಪೊಟ್ಟಣ ಬಿಸಿ ಶೇಂಗಾ ಕೊಂಡು ತಂದರು.